ವಿಜ್ಞಾನದ ಸಂಗತಿ ಮತ್ತು ಕಥನದ ಬೆಸುಗೆ: ‘ಹಸುರು ಹೊನ್ನು’, ‘ಕರ್ವಾಲೊ’

ಕನ್ನಡದ ಜನಪ್ರಿಯ ವಿಜ್ಞಾನ ಸಾಹಿತ್ಯವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಸುತ್ತಲೇ ನಡೆದಿದೆ. ಪದ ದೊರೆತರೆ ವಿಜ್ಞಾನವೇ ಕನ್ನಡಕ್ಕೆ ಬಂದಂತೆ ಎಂಬ ನಂಬಿಕೆ ಅರೆಸತ್ಯವಾದುದು. ಸಂಗತಿಯನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳುತ್ತಾರೆ ಎಂಬ ಕಥನದ ಪ್ರಶ್ನೆ ಅಷ್ಟೇ ಮುಖ್ಯ.

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ದೊರೆಯಿತು. ವಿದ್ಯಾರ್ಥಿಗಳೊಡನೆ ಕಾಡು ಸುತ್ತುವ ಸಸ್ಯಶಾಸ್ತ್ರದ ಅಧ್ಯಾಪಕ ಇಲ್ಲಿಯ ನಿರೂಪಕ. ಎಲೆ, ಹೂವು, ಕಾಯಿಗಳ ವಿವರ ಪ್ರವಾಸದ ಪ್ರಸಂಗ, ಲಘುಹಾಸ್ಯಗಳ ನಡುವೆ ಬರುತ್ತದೆ. ಆದರೆ ಹಾಸ್ಯವನ್ನು ಬದಿಗಿಟ್ಟರೂ ಸಸ್ಯವಿವರ ಕೆಡದೆ ಉಳಿಯುತ್ತದೆ. ಬೆಸುಗೆಯ ಗೆರೆ ಕಾಣುತ್ತದೆ. ಇದು ದೋಷವಲ್ಲ, ಓದುಗನಿಗೆ ಅನುಕೂಲವೇ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಆ ಗೆರೆ ಅಳಿಸಿಹೋಗಿದೆ. ವಿಜ್ಞಾನಿ ಕರ್ವಾಲೊ ಅವಲಂಬಿಸುವುದು ಜೇನು ಹಿಡಿಯುವ ಹಳ್ಳಿಗ ಮಂದಣ್ಣನ ಕಣ್ಣನ್ನು. ಆದುದರಿಂದ ತೊಡಕೂ ಇಲ್ಲಿಯೇ ಇದೆ. ಕೃತಿಯಲ್ಲಿ ಹಾರುವ ಓತಿ ಯುಗಾಂತರದ ಅಪೂರ್ವ ಜೀವಿಯಾಗಿ ಬರುತ್ತದೆ. ವಾಸ್ತವದಲ್ಲಿ ‘ಡ್ರಾಕೊ’ ಕುಲದ ಇಂಥ ಓತಿ ಪಶ್ಚಿಮ ಘಟ್ಟದ ಕಾಡು, ಅಡಕೆ ತೋಟಗಳಲ್ಲಿ ಇಂದಿಗೂ ಇದೆ. ನೀಳವಾದ ಪಕ್ಕೆಲುಬುಗಳು ಚರ್ಮದ ಪೊರೆಯನ್ನು ಬಿಡಿಸಿ ಹಿಡಿಯುತ್ತವೆ. ಅದು ಹಾರುವುದಿಲ್ಲ, ಮರದಿಂದ ಮರಕ್ಕೆ ತೇಲುತ್ತದೆ. ಕಾದಂಬರಿಯೊಂದನ್ನೇ ನಂಬಿ ಪ್ರಾಣಿಶಾಸ್ತ್ರ ಕಲಿಯುವವನು ಎಡವುತ್ತಾನೆ. ಆದರೆ ಗಮನಿಸುವುದು, ಸಂಶಯಪಡುವುದು, ಪುರಾವೆಗಾಗಿ ಕಾಯುವುದು, ಕೊನೆಗೆ ಕೈತಪ್ಪಿಸಿಕೊಳ್ಳುವುದು ಎಂಬ ವಿಜ್ಞಾನದ ವಿಧಾನವನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದ ಪಠ್ಯಪುಸ್ತಕ ವಿರಳ. ಸಂಗತಿಯ ನಿಖರತೆಯೂ ವಿಧಾನದ ನಿಖರತೆಯೂ ಬೇರೆಬೇರೆ ಎಂಬುದನ್ನು ವಿಮರ್ಶೆ ಮರೆಯಬಾರದು.

ಇವೆರಡರಲ್ಲೂ ಕಾಡೇ ಕಥೆಯ ನೆಲ. ಬಯಲುಸೀಮೆಗೆ ಈ ಮಾದರಿ ಒಗ್ಗದೆಂದೇನೂ ಅಲ್ಲ. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ ಮರಳುಗಲ್ಲಿನ ಅಂಚಿನಿಂದ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಆ ನೀರಿನ ಬಲವನ್ನು ನಂಬಿಯೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಡದ ಮೇಲೆ ಹತ್ತಿಯ ಗಿರಣಿ ಎದ್ದಿತು. ಇದೇ ಸೀಮೆಯ ಬಸವರಾಜ ಕಟ್ಟೀಮನಿ (1919–1989) ಶೋಷಿತರ ಬದುಕನ್ನು ಕಾದಂಬರಿಗೆ ತಂದರು. ಬಂಡೆಯ ಕಥೆ ಭೂವಿಜ್ಞಾನಿಗಳ ವರದಿಗಳಿಗೆ ಸೇರಿತು. ಮಳೆಗಾಲದಲ್ಲಿ ಕೆಂಪಾಗಿ ಉಕ್ಕುವ ಹೊಳೆ ಬೇಸಗೆಯಲ್ಲಿ ಎಳೆಯಾಗುವುದನ್ನು ಭೂವಿಜ್ಞಾನಿಯೂ ಗಿರಣಿಯಾಳೂ ಒಂದೇ ಅಂಚಿನಲ್ಲಿ ನಿಂತು ನೋಡಿದ್ದಾರೆ. ಅವರಿಬ್ಬರನ್ನು ಮಾತಿಗೆಳೆಯಬಲ್ಲ ಮಂದಣ್ಣನಂಥ ಪಾತ್ರವೇ ಅಲ್ಲಿ ಬೇಕಾದುದು.