ಬೇವಿನೆಣ್ಣೆ ಸೋಸುವಾಗ, ಅಳೆಯುವಾಗ ಸಿರಿಂಜ್ ಕೈಕೊಡುತ್ತಿದೆಯೇ?

ಟ್ರೇ ಸಸಿಗಳಿಗೆ ಬೇವಿನೆಣ್ಣೆ ಸಿಂಪಡಿಸುವವರು ಒಂದು ಲೀಟರಿನ ಕೈ ಸ್ಪ್ರೇಯರ್ ಬಳಸ್ತಾರೆ. ಅದಕ್ಕೆ ಬೇಕಾಗೋದು ಬರೀ 3ರಿಂದ 5 ಮಿ.ಲೀ. ಎಣ್ಣೆ. ಇಷ್ಟು ಕಡಿಮೆ ಪ್ರಮಾಣವನ್ನು ಮುಚ್ಚಳದಲ್ಲಿ ಅಳೆದರೆ ಲೆಕ್ಕ ತಪ್ಪುತ್ತೆ. 5 ಮಿ.ಲೀ. ಜಾಗದಲ್ಲಿ 10 ಬಿದ್ದರೆ ಎಳೆ ಎಲೆಯ ಅಂಚು ಸುಡುತ್ತೆ. ಹಾಗಾಗಿ ಸಿರಿಂಜ್ ಒಳ್ಳೆಯ ಸಾಧನ. ಆದರೆ ಅದನ್ನು ಮಾಡಿರೋದು ನೀರಿನಂಥ ಔಷಧಿಗೆ, ಎಣ್ಣೆಗಲ್ಲ. ನನ್ನ ನರ್ಸರಿಯಲ್ಲಿ ಪದೇ ಪದೇ ನೋಡಿದ ತೊಂದರೆಗಳು ಮತ್ತು ಪರಿಹಾರಗಳು ಇಲ್ಲಿವೆ.

1. ಪಿಸ್ಟನ್ ಬಿಗಿಯಾಗಿ ನಿಂತುಬಿಡುತ್ತೆ

ಸಾಮಾನ್ಯ ಸಿರಿಂಜಿನ ತುದಿಯ ಕಪ್ಪು ರಬ್ಬರ್ ಎಣ್ಣೆ ಹೀರಿ ಉಬ್ಬುತ್ತೆ. ಒಳಗೆ ಸವರಿರುವ ಸಿಲಿಕಾನ್ ಜಾರುಪದರವನ್ನೂ ಎಣ್ಣೆ ತೊಳೆದುಹಾಕುತ್ತೆ. ಮೊದಲ ದಿನ ಸರಿಯಿದ್ದದ್ದು ಮರುದಿನ ಅಲುಗಾಡಲ್ಲ. ರಬ್ಬರ್ ಇಲ್ಲದ, ಪೂರ್ತಿ ಪ್ಲಾಸ್ಟಿಕ್‌ನ ಎರಡೇ ಭಾಗದ ಸಿರಿಂಜ್ ಅಥವಾ ಗಾಜಿನದ್ದು ತನ್ನಿ. ರಬ್ಬರಿನದ್ದೇ ಗತಿ ಎಂದಾದರೆ, ಕೆಲಸ ಮುಗಿದ ತಕ್ಷಣ ಸೋಪಿನ ನೀರಲ್ಲಿ ತೊಳೆದು ಪಿಸ್ಟನ್ ಹೊರಗೆ ತೆಗೆದಿಡಿ.

2. ಎಣ್ಣೆ ಮೇಲೇರಲ್ಲ, ಬರೀ ಗುಳ್ಳೆ ಬರುತ್ತೆ

ಚಳಿಗಾಲದ ಬೆಳಗ್ಗೆ ಬೇವಿನೆಣ್ಣೆ ತುಪ್ಪದ ಹಾಗೆ ಗಟ್ಟಿಯಾಗುತ್ತೆ. ಜೋರಾಗಿ ಎಳೆದರೆ ಪಿಸ್ಟನ್ ಪಕ್ಕದಿಂದ ಗಾಳಿ ನುಗ್ಗುತ್ತೆ. ಆಗ 5 ಮಿ.ಲೀ. ಗೆರೆಯವರೆಗೆ ತುಂಬಿದಂತೆ ಕಂಡರೂ ಒಳಗಿರೋದು ಅಷ್ಟಲ್ಲ. ಮೊದಲು ಸೂಜಿ ತೆಗೆದುಹಾಕಿ. ರಂಧ್ರದ ಅಗಲ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತೆ, ಅದಕ್ಕೇ ಸೂಜಿಯಲ್ಲಿ ಎಣ್ಣೆ ಬರಲ್ಲ. ಬಾಟಲಿಯನ್ನು ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಡಿ. ಒಲೆಯ ಮೇಲೆ ಮಾತ್ರ ಇಡಬೇಡಿ: ಕೀಟದ ಮೇಲೆ ಕೆಲಸ ಮಾಡುವ ಅಜಾಡಿರಾಕ್ಟಿನ್ ಹೆಚ್ಚಿನ ಬಿಸಿಗೆ ಹಾಳಾಗುತ್ತೆ. ಆಮೇಲೆ ನಿಧಾನವಾಗಿ ಎಳೆಯಿರಿ, ತುದಿ ಮೇಲೆ ಮಾಡಿ ಗುಳ್ಳೆ ಹೊರಹಾಕಿ, ನಂತರ ಗೆರೆ ನೋಡಿ.

3. ಹತ್ತಿ ತುರುಕಿ ಸೋಸಲು ಹೋದರೆ ಕಟ್ಟಿಕೊಳ್ಳುತ್ತೆ

ಕೆಲವರು ಸಿರಿಂಜ್ ಬಾಯಿಗೆ ಹತ್ತಿ ಇಟ್ಟು ಒತ್ತುತ್ತಾರೆ. ಗಾಣದ ಎಣ್ಣೆಯ ಗಷ್ಟು ಹತ್ತಿಯನ್ನು ಬೇಗ ಮುಚ್ಚುತ್ತೆ. ಇನ್ನೂ ಒತ್ತಿದರೆ ಎಣ್ಣೆ ಹಿಂದಿನಿಂದ ಸೋರುತ್ತೆ, ಇಲ್ಲವೇ ಹತ್ತಿಯೇ ಚಿಮ್ಮಿ ಗಷ್ಟೆಲ್ಲಾ ಒಳಗೆ ಹೋಗುತ್ತೆ. ಸಣ್ಣ ಸಿರಿಂಜ್ ಆದರೆ ಇದು ಇನ್ನೂ ಹೆಚ್ಚು, ಯಾಕಂದ್ರೆ ಅದೇ ಹೆಬ್ಬೆರಳ ಬಲಕ್ಕೆ ಅದರಲ್ಲಿ ಒತ್ತಡ ಜಾಸ್ತಿ. ಸೋಸುವ ಕೆಲಸ ಸಿರಿಂಜಿಗೆ ಕೊಡಲೇಬೇಡಿ. ಬಾಟಲಿಯನ್ನು ಒಂದು ದಿನ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಆಲಿಕೆಯಲ್ಲಿ ಎರಡು ಪದರ ಹತ್ತಿ ಬಟ್ಟೆ ಹಾಕಿ ಸೋಸಿ. ಬಟ್ಟೆ ಪೂರ್ತಿ ಒಣಗಿರಲಿ. ಒದ್ದೆ ಬಟ್ಟೆಯ ರಂಧ್ರದಲ್ಲಿ ನೀರು ಕೂತು ಎಣ್ಣೆಯನ್ನು ಬಿಡಲ್ಲ.

4. ಗೆರೆ, ಅಂಕಿ ಅಳಿಸಿಹೋಗುತ್ತೆ

ಎಣ್ಣೆ ಕೈ ತಾಗಿ ತಾಗಿ ಮುದ್ರಿಸಿದ ಅಂಕಿ ಹೋಗುತ್ತೆ. ಹೊಸದಿರುವಾಗಲೇ ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ಬೇಕಾದ ಗೆರೆಯನ್ನು ಬ್ಲೇಡಿನಿಂದ ಗೀರಿಡಿ.

ಅಳೆದ ಮೇಲೆ

ಎಣ್ಣೆಗೆ ಮೊದಲು ದ್ರವ ಸೋಪು ಬೆರೆಸಿ, ಸ್ವಲ್ಪ ನೀರು ಹಾಕಿ ಹಾಲಿನಂತಾಗುವವರೆಗೆ ಕಲಕಿ, ಆಮೇಲೆ ಉಳಿದ ನೀರು ಸೇರಿಸಿ. ಎಣ್ಣೆ ಮೇಲೆ ತೇಲಿದರೆ ಅಳತೆ ಸರಿಯಿದ್ದರೂ ಪ್ರಯೋಜನವಿಲ್ಲ; ಮೊದಲು ಬರೀ ನೀರು, ಕೊನೆಗೆ ಬರೀ ಎಣ್ಣೆ ಬೀಳುತ್ತೆ, ಸುಡೋದು ಆ ಕೊನೆಯ ಸಸಿಗಳೇ. ಸಂಜೆ ಹೊತ್ತು ನಾಲ್ಕೈದು ಸಸಿಗೆ ಹೊಡೆದು, ಎರಡು ದಿನ ನೋಡಿ, ಉಳಿದವಕ್ಕೆ ಹೊಡೀರಿ.

ಕೊನೆಯದಾಗಿ, ಎಣ್ಣೆಯ ಸಿರಿಂಜಿಗೆ ಕೆಂಪು ಟೇಪ್ ಸುತ್ತಿ ಬೇರೆ ಇಡಿ. ಅದು ದನಕ್ಕೆ ಔಷಧಿ ಕೊಡಲು ಹೋಗಬಾರದು, ಮಕ್ಕಳ ಕೈಗೂ ಸಿಗಬಾರದು. ಆಸ್ಪತ್ರೆಯಲ್ಲಿ ಬಳಸಿ ಬಿಟ್ಟ ಸಿರಿಂಜ್ ಅಂತೂ ಮುಟ್ಟಲೇಬೇಡಿ. ಹೊಸದು ಕೆಲವೇ ರೂಪಾಯಿಗೆ ಸಿಗುತ್ತೆ. ಒಂದು ಟ್ರೇ ಸಸಿ ಅಷ್ಟಕ್ಕೆ ಸಿಗಲ್ಲ.