ಆಕಾಶಮಾರ್ಗದ ದೂರ ಮತ್ತು ಕಾಲ

ಎರಡು ಊರುಗಳ ನಡುವಣ ದೂರವೆಷ್ಟೆಂದು ಕೇಳಿದರೆ ನಾವು ಸಾಮಾನ್ಯವಾಗಿ ರಸ್ತೆಯ ಇಲ್ಲವೆ ರೈಲುಹಾದಿಯ ದೂರವನ್ನು ಹೇಳುತ್ತೇವೆ. ವಿಮಾನಕ್ಕೆ ಬೆಟ್ಟ, ಹೊಳೆ, ತಿರುವುಗಳ ತೊಡಕಿಲ್ಲವಾದುದರಿಂದ ಅದರ ದೂರವನ್ನು ಬೇರೆಯಾಗಿಯೇ ಎಣಿಸಬೇಕು. ನಮ್ಮ ಶ್ರೀರಾಂಪುರಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ, ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲಿ, 2010ರಲ್ಲಿ ಹೊಸದಾಗಿ ತೆರೆದ ವಿಮಾನ ನಿಲ್ದಾಣವಿದೆ. ಈ ಲೆಕ್ಕವನ್ನು ಅಲ್ಲಿಂದಲೇ ಆರಂಭಿಸೋಣ.

ದೂರದ ಲೆಕ್ಕ: ಮಂಡಕಳ್ಳಿ ನಿಲ್ದಾಣವು ಉತ್ತರ ಅಕ್ಷಾಂಶ 12.23, ಪೂರ್ವ ರೇಖಾಂಶ 76.65 ಡಿಗ್ರಿಗಳಲ್ಲಿದೆ, ಚೆನ್ನೈ ನಿಲ್ದಾಣವು 12.99 ಮತ್ತು 80.17 ಡಿಗ್ರಿಗಳಲ್ಲಿದೆ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಆದ್ದರಿಂದ 0.76 ಡಿಗ್ರಿಗೆ 84 ಕಿ.ಮೀ. ಆಯಿತು. ರೇಖಾಂಶಗಳಾದರೋ ಧ್ರುವದ ಕಡೆಗೆ ಹೋದಂತೆ ಹತ್ತಿರವಾಗುತ್ತವೆ. ನಮ್ಮ ಅಕ್ಷಾಂಶದಲ್ಲಿ 111ನ್ನು 0.976ರಿಂದ ಗುಣಿಸಬೇಕು. ಹಾಗೆ 3.52 ಡಿಗ್ರಿಗೆ 381 ಕಿ.ಮೀ. ಬರುತ್ತದೆ. ಇವೆರಡನ್ನು ಲಂಬಕೋನ ತ್ರಿಭುಜದ ಭುಜಗಳೆಂದು ತಿಳಿದರೆ ಕರ್ಣವು ಸುಮಾರು 390 ಕಿ.ಮೀ. ರೈಲಿನಲ್ಲಿ ಇದೇ ಪ್ರಯಾಣ ಸುಮಾರು 500 ಕಿ.ಮೀ. ಆಗುತ್ತದೆ.

ಕಾಲದ ಲೆಕ್ಕ: ಸಣ್ಣ ನಿಲ್ದಾಣಗಳಿಗೆ ಬರುವ ಎ.ಟಿ.ಆರ್. ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆ ಪ್ರಕಾರ 390 ಕಿ.ಮೀ.ಗೆ 47 ನಿಮಿಷ ಸಾಕು. ಗಂಟೆಗೆ 50 ಕಿ.ಮೀ. ಎದುರುಗಾಳಿ ಬೀಸಿದರೆ 52 ನಿಮಿಷವಾಗುತ್ತದೆ. ಅಷ್ಟೇ ಗಾಳಿ ಬೆನ್ನ ಹಿಂದಿದ್ದರೆ 43. ನೆಲದ ಮೇಲೆ ಸಾಗುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು, ಇವಕ್ಕೆ ಇನ್ನೊಂದು ಅರ್ಧ ಗಂಟೆಯನ್ನು ಸೇರಿಸಬೇಕು. ದೂರ ಎಷ್ಟೇ ಇರಲಿ, ಈ ಅರ್ಧ ಗಂಟೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ಇದರ ಪರಿಣಾಮವನ್ನು ಮೈಸೂರು-ಬೆಂಗಳೂರು ಪ್ರಯಾಣದಲ್ಲಿ ಕಾಣಬಹುದು. 2008ರಲ್ಲಿ ತೆರೆದ ಬೆಂಗಳೂರಿನ ನಿಲ್ದಾಣವು ಊರಿನಿಂದ ಆಚೆ, ದೇವನಹಳ್ಳಿಯ ಬಳಿ ಇದೆ. ಮಂಡಕಳ್ಳಿಯಿಂದ ಅಲ್ಲಿಗೆ ನೇರ ದೂರ 157 ಕಿ.ಮೀ.; ರೈಲಿನಲ್ಲಿ ಬೆಂಗಳೂರಿಗೆ 139 ಕಿ.ಮೀ. ಮಾತ್ರ! ಹಾರಾಟಕ್ಕೆ 19 ನಿಮಿಷ ಸಾಕಾದರೂ, ಮೇಲೆ ಹೇಳಿದ ಅರ್ಧ ಗಂಟೆ, ಮುಂಚಿತವಾಗಿ ಹೋಗಿ ಕಾಯುವ ಒಂದು ಗಂಟೆ, ದೇವನಹಳ್ಳಿಯಿಂದ ಊರಿಗೆ ಹಿಂದಿರುಗುವ ಇನ್ನೊಂದು ಗಂಟೆ, ಎಲ್ಲವೂ ಸೇರಿದರೆ ವೇಗದ ರೈಲೇ ಮೊದಲು ತಲುಪುತ್ತದೆ. ಬೆಂಗಳೂರಿನಿಂದ ಮುಂದೆ ಬೇರೆ ವಿಮಾನ ಹಿಡಿಯುವವರಿಗೆ ಮಾತ್ರ ಈ ಮಾರ್ಗ ಲಾಭದಾಯಕ.

ದೂರವು ಹೆಚ್ಚಾದಾಗ ತ್ರಿಭುಜದ ಲೆಕ್ಕ ಸಾಲದು. ಭೂಮಿಯು ಗೋಳವಾದುದರಿಂದ, ಅದರ ಕೇಂದ್ರವನ್ನು ಹಾದುಹೋಗುವ ಸಮತಲವು ಮೇಲ್ಮೈಯಲ್ಲಿ ಮಾಡುವ ಮಹಾವೃತ್ತವೇ ಅತ್ಯಂತ ಹತ್ತಿರದ ದಾರಿ. ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ರೇಖಾಂಶದ ಅಂತರ ಸುಮಾರು 160 ಡಿಗ್ರಿ. ಎಂದರೆ ಅವು ಗೋಳದ ಬಹುಮಟ್ಟಿಗೆ ಎದುರು ಬದಿಗಳಲ್ಲಿವೆ. ಭೂಪಟವನ್ನು ನೋಡಿದವರು ಸಾಗರ ದಾಟಿ ಹೋಗಬೇಕೆಂದು ಎಣಿಸಿಯಾರು. ಮಹಾವೃತ್ತದ ದಾರಿಯಾದರೋ ಉತ್ತರ ಧ್ರುವದ ಸಮೀಪವೇ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಚಾಲಕರೇ ನಡೆಸಿದ ವಿಮಾನವು ಧ್ರುವಪ್ರದೇಶದ ಮೇಲೆ ಹಾರಿ, ಸುಮಾರು 14,000 ಕಿ.ಮೀ. ದೂರವನ್ನು ಸುಮಾರು 17 ಗಂಟೆಗಳಲ್ಲಿ ಕ್ರಮಿಸಿ ಬೆಂಗಳೂರಿಗೆ ಬಂದಿಳಿಯಿತು.

ಹೀಗೆ ದೂರವೊಂದನ್ನೇ ನೋಡಿ ಪ್ರಯಾಣದ ಕಾಲವನ್ನು ನಿರ್ಣಯಿಸಲಾಗದು. ಆಕಾಶದ ದೂರ, ಗಾಳಿಯ ದಿಕ್ಕು, ನೆಲದ ಮೇಲಿನ ಕಾಲ ಈ ಮೂರನ್ನೂ ಕೂಡಿ ನೋಡಬೇಕು. ಊರಿಗೆ ವಿಮಾನ ಬೇಕೇ, ಎಲ್ಲಿಗೆ ಬೇಕು ಎಂಬ ಚರ್ಚೆ ಬಂದಾಗಲೂ ಉತ್ಸಾಹಕ್ಕಿಂತ ಮೊದಲು ಈ ಲೆಕ್ಕವು ನಮ್ಮ ಮುಂದಿರುವುದು ಒಳಿತು. ಇದಕ್ಕೆ ಬೇಕಾದುದು ಪ್ರೌಢಶಾಲೆಯ ಗಣಿತ ಮತ್ತು ಒಂದು ಭೂಗೋಳ, ಅಷ್ಟೆ.