ಬರೆಸುವವರು ಬರೆಯಬೇಕು: ಎಂಟನೇ ತರಗತಿಯ ಒಂದು ವಿಜ್ಞಾನ ಪಾಠದ ಅನುಭವ

ಪೀಠಿಕೆ

ನಮ್ಮ ಕಾಲೇಜಿನ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕಾಗಿ ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಶಾಲೆಗಳಿಗೆ ಹಂಚಿಹೋಗುತ್ತೇವೆ. ವಿಜ್ಞಾನದ ಚಟುವಟಿಕೆ ಪುಸ್ತಕಗಳನ್ನು ತಿದ್ದಲು ಕುಳಿತಾಗ ನಮ್ಮಲ್ಲಿ ಹಲವರಿಗೆ ಕಂಡ ಸಂಗತಿ ಒಂದೇ. ಪ್ರಯೋಗ ಮಾಡಿದ ಗುಂಪುಗಳು ಬೇರೆ ಬೇರೆ, ಆದರೆ ‘ವೀಕ್ಷಣೆ’ ಎಂಬ ಶೀರ್ಷಿಕೆಯ ಕೆಳಗಿನ ವಾಕ್ಯ ಎಲ್ಲರದೂ ಒಂದೇ. ಅದು ಗೈಡಿನ ವಾಕ್ಯ. ಮಗುವಿನ ಕಣ್ಣಿಗೆ ಬಿದ್ದದ್ದು ಅದರಲ್ಲಿ ಇರುವುದಿಲ್ಲ.

ಮಕ್ಕಳಿಗೆ ಸೋಮಾರಿತನ ಎಂದುಬಿಡುವುದು ಸುಲಭ. ಆದರೆ ಅಡಿಕೆ ಸುಲಿಯುವುದನ್ನು ಮಗು ಸುಲಿಯುವವರ ಪಕ್ಕದಲ್ಲಿ ಕುಳಿತು ಕಲಿಯುತ್ತದೆ. ಈಜನ್ನು ಈಜುವವರನ್ನು ನೋಡಿ ಕಲಿಯುತ್ತದೆ. ಬರವಣಿಗೆಯನ್ನು ಮಾತ್ರ, ಬರೆಯುತ್ತಿರುವ ಯಾರನ್ನೂ ನೋಡದೆ ಕಲಿಯಬೇಕೆಂದು ನಾವು ಬಯಸುತ್ತೇವೆ. ಶಿಕ್ಷಕರು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ ನಿಜ. ಅದು ಮೊದಲೇ ಸಿದ್ಧವಾಗಿ ಬಂದ ಟಿಪ್ಪಣಿ. ವಾಕ್ಯವೊಂದು ತಡವರಿಸುವುದು, ಬದಲಾಗುವುದು ಅಲ್ಲಿ ಕಾಣಸಿಗುವುದಿಲ್ಲ.

ಬರೆದ ಶಿಕ್ಷಕರು

ಕನ್ನಡದಲ್ಲಿ ಬರೆಯುವ ಶಿಕ್ಷಕರ ಪರಂಪರೆ ದೊಡ್ಡದು. ಪಂಜೆ ಮಂಗೇಶರಾಯರು ಶಿಕ್ಷಕರೂ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದು ಮಕ್ಕಳಿಗಾಗಿ ಹಾಡು, ಕಥೆ ಬರೆದರು. ತರೀಕೆರೆ ತಾಲ್ಲೂಕಿನವರಾದ ರಹಮತ್ ತರೀಕೆರೆಯವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಲೇ ಬರೆದವರು. ಅವರ ‘ಕತ್ತಿಯಂಚಿನ ದಾರಿ’ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ವಿಜ್ಞಾನ ಓದಿದ ನನಗೆ ಹೆಚ್ಚು ಹತ್ತಿರದವರು ಬಿ.ಜಿ.ಎಲ್. ಸ್ವಾಮಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿ ಗಿಡಗಳನ್ನು ಹುಡುಕಿದ ಅನುಭವವನ್ನೇ ‘ಹಸುರು ಹೊನ್ನು’ ಮಾಡಿದರು. ಆ ಕೃತಿಗೆ 1978ರಲ್ಲಿ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಇವರೆಲ್ಲ ಹೆಸರಾಂತರು, ನಮಗೆಲ್ಲಿ ಸಾಧ್ಯ ಎನ್ನಬಹುದು. ಹಾಗೆನ್ನುವವರು ‘ನಲಿ-ಕಲಿ’ಯನ್ನು ನೆನೆಯಬೇಕು. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗಳ ಕ್ರಮವನ್ನು ನೋಡಿ ಬಂದರು. ತಮ್ಮ ಮಕ್ಕಳಿಗೆ ಬೇಕಾದ ಕಲಿಕಾ ಕಾರ್ಡು, ಹಾಡು, ಆಟಗಳನ್ನು ತಾವೇ ಕುಳಿತು ಬರೆದರು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಬರೆದವರು ಪ್ರಸಿದ್ಧ ಸಾಹಿತಿಗಳಲ್ಲ, ತರಗತಿಯ ಶಿಕ್ಷಕರು.

ಹೊರನಾಡಿನಲ್ಲೂ ಈ ವಿಚಾರ ಹೊಸದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1974ರಲ್ಲಿ ಆರಂಭವಾದ ಶಿಕ್ಷಕರ ಬರವಣಿಗೆ ಯೋಜನೆಯೊಂದು, ಬರವಣಿಗೆ ಕಲಿಸುವವರು ತಾವೂ ಬರೆಯಬೇಕೆಂಬುದನ್ನೇ ತಳಹದಿಯಾಗಿಸಿಕೊಂಡಿತು. ಡೊನಾಲ್ಡ್ ಗ್ರೇವ್ಸ್ 1983ರ ತಮ್ಮ ಪುಸ್ತಕದಲ್ಲಿ, ಶಿಕ್ಷಕರು ಮಕ್ಕಳ ಮುಂದೆಯೇ ಬರೆಯಬೇಕೆಂದು ವಾದಿಸಿದರು.

ಪಾಠ

ನಾನು ಆರಿಸಿಕೊಂಡದ್ದು ಎಂಟನೇ ತರಗತಿಯ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಘಟಕದ ಬೀಜ ಪರೀಕ್ಷೆ. ನೀರಿಗೆ ಒಂದು ಹಿಡಿ ಬೀಜ ಹಾಕಿ, ಚೆನ್ನಾಗಿ ಕಲಕಿ, ಸ್ವಲ್ಪ ಹೊತ್ತು ಬಿಟ್ಟು ತೇಲುವುದನ್ನೂ ಮುಳುಗುವುದನ್ನೂ ನೋಡುವ ಚಟುವಟಿಕೆ. ಪುಸ್ತಕದ ಗೋಧಿಯ ಬದಲು ಮಕ್ಕಳು ಮನೆಯಿಂದ ತಂದ ಅಲಸಂದೆ ಕಾಳು ಬಳಸಿದೆವು.

ಪ್ರಯೋಗ ಮುಗಿದ ಮೇಲೆ ಮಕ್ಕಳಿಗೆ ‘ಬರೆಯಿರಿ’ ಎನ್ನುವ ಮೊದಲು ನಾನು ಹಲಗೆಯ ಮೇಲೆ ಬರೆಯತೊಡಗಿದೆ: “ಹುಳ ತಿಂದ ಕಾಳುಗಳೆಲ್ಲ ತೇಲಿದವು.” ‘ಎಲ್ಲ’ ಎಂಬಲ್ಲಿ ನಿಂತು, “ಎಲ್ಲವನ್ನೂ ಒಡೆದು ನೋಡಿದ್ದೇವಾ?” ಎಂದು ಕೇಳಿದೆ. “ಇಲ್ಲ ಮಿಸ್” ಎಂದರು. ಆ ವಾಕ್ಯಕ್ಕೆ ಗೆರೆ ಎಳೆದೆ. ತೇಲಿದ್ದರಲ್ಲಿ ಐದು ಕಾಳು ತೆಗೆದು ಒಡೆದೆವು. ನಾಲ್ಕರಲ್ಲಿ ತೂತು, ಒಳಗೆ ಪುಡಿ. ಒಂದು ಗಟ್ಟಿಯಾಗಿತ್ತು. ಆಗ ಹೀಗೆ ಬರೆದೆ: “ತೇಲಿದ ಐದು ಕಾಳು ಒಡೆದೆವು. ನಾಲ್ಕನ್ನು ಹುಳ ತಿಂದಿತ್ತು. ಒಂದು ಚೆನ್ನಾಗಿತ್ತು, ಅದು ಯಾಕೆ ತೇಲಿತೋ ತಿಳಿಯಲಿಲ್ಲ.” ಇಷ್ಟಕ್ಕೆ ಏಳೆಂಟು ನಿಮಿಷ ಹಿಡಿಯಿತು. ಬಳಿಕ ಹಲಗೆಯನ್ನು ಪೂರ್ತಿ ಒರೆಸಿ, ಪ್ರತಿ ಗುಂಪೂ ತನ್ನ ಲೋಟದಲ್ಲಿ ಕಂಡದ್ದನ್ನು ಬರೆಯಲು ಹೇಳಿದೆ.

ಗಮನಿಸಿದ್ದು

ಮೊದಲನೆಯದಾಗಿ, ಮಕ್ಕಳು ಹೊಡೆದುಹಾಕಿ ಬರೆಯಲು ಹೆದರಲಿಲ್ಲ. ಪುಟ ಚೊಕ್ಕಟವಾಗಿರಬೇಕೆಂಬ ಭಯವೇ ಅವರನ್ನು ಗೈಡಿನತ್ತ ತಳ್ಳುವ ಒಂದು ಕಾರಣ ಎಂದು ನನಗೆ ಅನ್ನಿಸಿತು.

ಎರಡನೆಯದಾಗಿ, ಅವರ ಮಾತು ಪುಸ್ತಕದೊಳಗೆ ಬಂತು. ಒಬ್ಬ ಹುಡುಗಿ, “ತೇಲಿದ್ದನ್ನು ನಮ್ಮಜ್ಜಿ ಜೊಳ್ಳು ಅಂತಾರೆ, ಬಿತ್ತನೆಗೆ ಇಡಲ್ಲ” ಎಂದು ಬರೆದಿದ್ದಳು. ಈ ಒಂದು ವಾಕ್ಯದಲ್ಲಿ ವೀಕ್ಷಣೆಯೂ ಇದೆ, ಅದರ ಉಪಯೋಗವೂ ಇದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಗಟ್ಟಿಯಾಗಿದ್ದೂ ತೇಲಿದ ಕಾಳು ಇನ್ನೆರಡು ಗುಂಪಿನ ಬರಹದಲ್ಲೂ ಪ್ರಶ್ನೆಯಾಗಿ ಬಂತು. ಮರುದಿನ ಮತ್ತೊಮ್ಮೆ ಕಾಳು ಹಾಕಿ, ಈ ಸಲ ಹೆಚ್ಚು ಹೊತ್ತು ಕಲಕಿದೆವು. ಮೇಲಿದ್ದ ಕೆಲವು ಕಾಳುಗಳು ಅಂಟಿದ್ದ ಗಾಳಿಗುಳ್ಳೆ ಬಿಟ್ಟು ಮುಳುಗಿದವು. ಪಠ್ಯದಲ್ಲಿ ‘ಚೆನ್ನಾಗಿ ಕಲಕಿ’ ಎಂದು ಯಾಕೆ ಹೇಳಿದ್ದಾರೆ ಎಂಬುದು ಆಗ ಮಕ್ಕಳಿಗೆ ತಾವಾಗಿಯೇ ತಿಳಿಯಿತು. ಗೈಡಿನ ವಾಕ್ಯ ಬರೆದಿದ್ದರೆ ಆ ಗಟ್ಟಿ ಕಾಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ತೊಡಕುಗಳು

ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಸಹಪಾಠಿಗಳು ಕೇಳಿದರು. ಪ್ರತಿದಿನ ಬೇಡ, ಘಟಕಕ್ಕೊಂದು ಸಲ ಸಾಕು. ಪರೀಕ್ಷೆಗೆ ಪಾರಿಭಾಷಿಕ ಪದ ಬೇಕಲ್ಲ ಎಂಬುದು ಎರಡನೆಯ ಆಕ್ಷೇಪ. ಅದೂ ಸರಿಯೇ. ಎರಡನೇ ಕರಡಿನಲ್ಲಿ ‘ಜೊಳ್ಳು’ ಪದದ ಪಕ್ಕದಲ್ಲೇ ‘ಹಾನಿಗೊಳಗಾದ ಟೊಳ್ಳು ಬೀಜ’ ಎಂದು ಸೇರಿಸಲು ಹೇಳಿದೆ. ತನ್ನ ಮಾತಿನ ಜೊತೆ ಸೇರಿದ ಪದ ಮಗುವಿಗೆ ಹೆಚ್ಚು ನೆನಪಿರುತ್ತದೆ. ಮೂರನೆಯದು, ಶಿಕ್ಷಕರು ಬರೆದದ್ದೇ ಹೊಸ ಗೈಡ್ ಆಗುವ ಅಪಾಯ. ಹಲಗೆ ಒರೆಸುವುದು ಅದಕ್ಕಾಗಿಯೇ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

1. ಮಕ್ಕಳಿಗೆ ಕೊಡುವ ಬರವಣಿಗೆಯನ್ನು ಹಿಂದಿನ ದಿನ ನೀವೇ ಒಮ್ಮೆ ಬರೆದು ನೋಡಿ. ಎಲ್ಲಿ ಕಷ್ಟವಾಗುತ್ತದೆ ಎಂಬುದು ಅದರಿಂದಲೇ ತಿಳಿಯುತ್ತದೆ.
2. ತರಗತಿಯಲ್ಲಿ ಬರೆಯುವಾಗ ಬಾಯಿಪಾಠದ ವಾಕ್ಯ ಬೇಡ. ಯೋಚಿಸುತ್ತಾ, ಗೆರೆ ಎಳೆಯುತ್ತಾ ಬರೆಯಿರಿ.
3. ಊರಿನ ವಿಷಯ ಆರಿಸಿ. ತರೀಕೆರೆ ಕಡೆ ಅಡಿಕೆ, ಕಡೂರು ಕಡೆ ತೆಂಗು, ಅಜ್ಜಂಪುರದ ಕಡೆ ಈರುಳ್ಳಿ ಅಥವಾ ಅಮೃತಮಹಲ್ ದನಗಳು. ಈ ವಿಷಯಗಳಲ್ಲಿ ನಮಗಿಂತ ಮಕ್ಕಳಿಗೇ ಹೆಚ್ಚು ಗೊತ್ತಿರುತ್ತದೆ.
4. ತಿದ್ದುವಾಗ ಮೊದಲು ವಿಷಯಕ್ಕೆ ಉತ್ತರಿಸಿ: “ಜೊಳ್ಳನ್ನು ಅಜ್ಜಿ ಏನು ಮಾಡುತ್ತಾರೆ?” ಕಾಗುಣಿತ ಆಮೇಲೆ.

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಉದ್ದೇಶ, ಚಟುವಟಿಕೆ, ಮೌಲ್ಯಮಾಪನಗಳಿಗೆ ಕಲಂಗಳಿವೆ. ‘ಶಿಕ್ಷಕರ ಸ್ವಂತ ಬರಹ’ ಎಂಬ ಇನ್ನೊಂದು ಕಲಂ ಸೇರಿಸಿ, ಮುಂದಿನ ಸುತ್ತಿನ ಬೋಧನಾಭ್ಯಾಸದಲ್ಲಿ ಪ್ರತಿಯೊಬ್ಬರೂ ಕನಿಷ್ಠ ಒಂದು ಪಾಠಕ್ಕೆ ಅದನ್ನು ತುಂಬಿದರೆ, ಇಲ್ಲಿ ಬರೆದದ್ದು ಬೇರೆ ವಿಷಯಗಳಲ್ಲೂ ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದನ್ನು ಎಲ್ಲರೂ ಸೇರಿ ನೋಡಬಹುದು.